ಬೇಸಿಗೆ ಶಿಬಿರಕ್ಕೆ ಮಗುವಿನ ಮಾತ್ರೆ ಚೀಲ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿತ್ತೆಂದರೆ ಬೇಸಿಗೆ ಶಿಬಿರಗಳ ಸುಗ್ಗಿ. ಊರೊಳಗಿನ ನಾಟಕ, ಚಿತ್ರಕಲೆ ಶಿಬಿರಗಳಾದರೆ ಮಗು ಸಂಜೆಗೆ ಮನೆ ಸೇರುತ್ತದೆ, ಮಾತ್ರೆಯ ತಲೆಬಿಸಿ ಅಷ್ಟಾಗಿ ಇರುವುದಿಲ್ಲ. ವಾರ, ಹತ್ತು ದಿನ ಅಲ್ಲೇ ಉಳಿಯುವ ಶಿಬಿರಗಳ ಮಾತು ಬೇರೆ. ಉಬ್ಬಸ, ಫಿಟ್ಸ್, ಟೈಪ್ 1 ಮಧುಮೇಹ, ಥೈರಾಯ್ಡ್, ಎಡಿಎಚ್‌ಡಿ ಹೀಗೆ ದಿನಾ ಔಷಧಿ ಬೇಕಾದ ಮಕ್ಕಳ ಅಪ್ಪ ಅಮ್ಮಂದಿರು ಅರ್ಜಿ ಕೈಯಲ್ಲಿ ಹಿಡಿದು ಕಳಿಸುವುದೋ ಬೇಡವೋ ಎಂದು ಹೊಯ್ದಾಡುತ್ತಾರೆ.

ಕಳಿಸಿ. ವೈದ್ಯರು ಬೇಡವೆನ್ನದಿದ್ದರೆ ಖಂಡಿತ ಕಳಿಸಿ. ಮಲೆನಾಡಿನ ವಸತಿ ಶಿಬಿರಗಳಲ್ಲಿ ಮಕ್ಕಳ ಔಷಧಿ ನೋಡಿಕೊಳ್ಳುವ ಕೆಲಸ ನನ್ನದು. ಕಾಯಿಲೆ ಇದೆಯೆಂಬ ಕಾರಣಕ್ಕೆ ಅಲ್ಲಿ ತೊಂದರೆಯಾದದ್ದು ಕಡಿಮೆ. ಮನೆಯಲ್ಲಿ ಅಮ್ಮ ಯಾರಿಗೂ ಹೇಳದೆ, ತನಗೇ ಗೊತ್ತಿಲ್ಲದಂತೆ ಮಾಡುತ್ತಿದ್ದ ಹತ್ತು ಸಣ್ಣ ಕೆಲಸಗಳು ಶಿಬಿರಕ್ಕೆ ತಲುಪದೇ ಹೋದಾಗಲೇ ಎಡವಟ್ಟು. ಆ ಹತ್ತು ಕೆಲಸ ಕಾಗದಕ್ಕೆ ಇಳಿಯಬೇಕು, ಬೇರೆಯವರ ಕೈಗೆ ದಾಟಬೇಕು. ಕೆಳಗಿನ ಸೂತ್ರಗಳೆಲ್ಲ ಅದಕ್ಕಾಗಿ.

1. ಮೂರು ವಾರ ಮೊದಲೇ ವೈದ್ಯರನ್ನು ಕಾಣಿ

ಹೊರಡುವ ಹಿಂದಿನ ದಿನ ಓಡಬೇಡಿ. ಮಕ್ಕಳ ಔಷಧಿಯ ಪ್ರಮಾಣ ಹೆಚ್ಚಿನ ಪಾಲು ತೂಕದ ಮೇಲೆ ನಿಂತಿರುತ್ತದೆ. ಕಳೆದ ವರ್ಷದ ಚೀಟಿಯ ಫೋಟೊ ಕೊಟ್ಟು ಕಳಿಸಿದರೆ ಆಗುವುದಿಲ್ಲ. ಮಗುವನ್ನು ತೂಗಿಸಿ, ಹೊಸ ಚೀಟಿ ಬರೆಸಿಕೊಳ್ಳಿ. ಔಷಧಿ ಬದಲಾಗುವುದಿದ್ದರೆ ಈಗಲೇ ಬದಲಾಗಲಿ, ಅದು ಮೈಗೆ ಒಗ್ಗಿತೋ ಇಲ್ಲವೋ ಎಂಬುದು ಮನೆಯಲ್ಲೇ ತಿಳಿಯಲಿ.

ಮೂರು ಪ್ರಶ್ನೆ ಮರೆಯದೆ ಕೇಳಿ. ಒಂದು ಹೊತ್ತಿನ ಮಾತ್ರೆ ತಪ್ಪಿದರೆ ಏನು ಮಾಡಬೇಕು? ನುಂಗಿದ ಸ್ವಲ್ಪ ಹೊತ್ತಿಗೆ ವಾಂತಿಯಾದರೆ ಇನ್ನೊಂದು ಕೊಡಬೇಕೆ? ದಿನವಿಡೀ ಓಡಾಟ, ಈಜು, ಚಾರಣ ಇರುವಾಗ ಪ್ರಮಾಣ ಹೆಚ್ಚು ಕಡಿಮೆ ಮಾಡಬೇಕೆ? ಉತ್ತರ ಒಂದೊಂದು ಔಷಧಿಗೆ ಒಂದೊಂದು ಥರ. ನೆನಪಿನಿಂದ ಹೇಳುವುದು ಬೇಡ, ಬರೆದುಕೊಳ್ಳಿ.

ಸಂಧಿವಾತ ಜ್ವರದಿಂದ ಹೃದಯಕ್ಕೆ ತೊಂದರೆಯಾಗಿ 21 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳುವ ಮಕ್ಕಳಿರುತ್ತಾರೆ. ಆ ದಿನ ಶಿಬಿರದ ನಡುವೆ ಬೀಳುತ್ತದೆಯೇ ಎಂದು ಕ್ಯಾಲೆಂಡರ್ ನೋಡಿ, ಬೀಳುವುದಾದರೆ ಏನು ಮಾಡಬೇಕೆಂದು ಅದೇ ಭೇಟಿಯಲ್ಲಿ ಕೇಳಿ.

2. 1-0-1 ಎಂದು ಬರೆದರೆ ಶಿಬಿರಕ್ಕೆ ಸಾಲದು

ನಮ್ಮ ಚೀಟಿಗಳಲ್ಲಿ 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಮನೆಯಲ್ಲಿ ಇದು ಸಾಕು, ಯಾಕೆಂದರೆ ಮನೆಯ ಬೆಳಿಗ್ಗೆ ಯಾವುದೆಂದು ಎಲ್ಲರಿಗೂ ಗೊತ್ತು. ಶಿಬಿರದ ಬೆಳಿಗ್ಗೆ ಐದೂವರೆಗೆ ಶುರುವಾಗಬಹುದು. ಎದ್ದ ಕೂಡಲೇ ವ್ಯಾಯಾಮ, ಆರೂವರೆಗೆ ರಾಗಿ ಮಾಲ್ಟ್ ಅಥವಾ ಹಾಲು, ಎಂಟೂವರೆಗೆ ಉಪ್ಪಿಟ್ಟು. ರಾತ್ರಿ ಊಟ ಎಂಟಕ್ಕಾದರೂ ಕ್ಯಾಂಪ್‌ಫೈರ್ ಮುಗಿದು ಮಲಗುವಾಗ ಹನ್ನೊಂದು. ಈ ದಿನಚರಿಯಲ್ಲಿ ಆ ಎರಡು ಒಂದುಗಳು ಎಲ್ಲಿ ಕೂರಬೇಕು?

ಥೈರಾಯ್ಡ್ ಮಾತ್ರೆಯನ್ನೇ ತೆಗೆದುಕೊಳ್ಳಿ. ಅದು ಖಾಲಿ ಹೊಟ್ಟೆಗೆ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ಹೋಗಬೇಕು. ಸುಣ್ಣದ ಅಂಶ, ಕಬ್ಬಿಣದ ಅಂಶ ಅದು ಮೈಗೆ ಹತ್ತುವುದನ್ನು ತಡೆಯುತ್ತವೆ. ರಾಗಿಯಲ್ಲೂ ಹಾಲಿನಲ್ಲೂ ಸುಣ್ಣದ ಅಂಶ ಧಾರಾಳ. ಎಂಟು ಗಂಟೆಗೆ, ತಿಂಡಿಗೆ ಮೊದಲೇ ಕೊಟ್ಟೆವಲ್ಲ ಎಂದು ಶಿಬಿರದವರು ನೆಮ್ಮದಿಯಾಗಿರುತ್ತಾರೆ, ಮಗು ಅದಾಗಲೇ ಮಾಲ್ಟ್ ಕುಡಿದಿರುತ್ತದೆ. ‘ತಿಂಡಿಗೆ ಮೊದಲು’ ಎಂದಷ್ಟೇ ಬರೆಯದೆ ‘ಎದ್ದ ಕೂಡಲೇ ನೀರಿನ ಜೊತೆ. ಆಮೇಲೆ ಒಂದು ಗಂಟೆ ಮಾಲ್ಟ್, ಹಾಲು ಏನೂ ಬೇಡ’ ಎಂದು ಬರೆದಿದ್ದರೆ ಎಡವಲು ಜಾಗವೇ ಇರುವುದಿಲ್ಲ.

ಆದ್ದರಿಂದ ಶಿಬಿರದ ವೇಳಾಪಟ್ಟಿ ತರಿಸಿಕೊಂಡು, ಪಕ್ಕದಲ್ಲಿ ಚೀಟಿ ಇಟ್ಟುಕೊಂಡು, ಪ್ರತಿ ಔಷಧಿಗೂ ಗಡಿಯಾರದ ಸಮಯ ನಿಗದಿ ಮಾಡಿ. ಮನೆಯ ಸಮಯಕ್ಕೂ ಅಲ್ಲಿಯ ಸಮಯಕ್ಕೂ ತುಂಬಾ ವ್ಯತ್ಯಾಸವಿದ್ದರೆ, ವೈದ್ಯರನ್ನು ಕೇಳಿಕೊಂಡು ಹೊರಡುವ ಒಂದು ವಾರ ಮೊದಲಿಂದಲೇ ಅಲ್ಲಿಯ ಸಮಯಕ್ಕೆ ಬದಲಿಸಿ.

3. ಒಂದೇ ಒಂದು ಹಾಳೆ, ಪೂರ್ತಿ ವಿವರ

ಎರಡು ಪ್ರತಿ ಮಾಡಿ. ಒಂದು ಔಷಧಿಯ ಚೀಲದಲ್ಲಿ, ಇನ್ನೊಂದು ಶಿಬಿರದ ಕಡತದಲ್ಲಿ. ರಾತ್ರಿ ಎರಡು ಗಂಟೆಗೆ ಟಾರ್ಚ್ ಬೆಳಕಿನಲ್ಲಿ ಓದುವವರು ಇಪ್ಪತ್ತರ ಹರೆಯದ ಸ್ವಯಂಸೇವಕರಾಗಿರಬಹುದು, ಅಕ್ಷರ ದಪ್ಪಗಿರಲಿ. ಔಷಧಿಯ ಹೆಸರನ್ನು ಡಬ್ಬಿಯ ಮೇಲೆ ಇದ್ದಂತೆಯೇ ಬರೆದು, ವಿವರವನ್ನು ಕನ್ನಡದಲ್ಲಿ ಬರೆಯಿರಿ. ಒಂದು ಮಾತ್ರೆಯ ವಿವರ ಹೀಗಿದ್ದರೆ ಚೆನ್ನ:

ಲೆವಿಟಿರಾಸಿಟಾಮ್ 250 ಮಿ.ಗ್ರಾಂ. ಫಿಟ್ಸ್ ಬರದಂತೆ ತಡೆಯುವುದಕ್ಕೆ. ಬೆಳಿಗ್ಗೆ 8ಕ್ಕೆ ಒಂದು, ರಾತ್ರಿ 8ಕ್ಕೆ ಒಂದು. ಊಟ ಆಗಿರಲೇಬೇಕೆಂದಿಲ್ಲ. ಕಹಿಯೆಂದು ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಉಗುಳುವ ಅಭ್ಯಾಸವಿದೆ, ಬಾಳೆಹಣ್ಣಿನ ಚೂರಿನ ಜೊತೆ ಕೊಡಿ. ನುಂಗಿದ ಮೇಲೆ ಬಾಯಿ ತೆರೆಸಿ ನೋಡಿ.

ಕೊನೆಯ ಎರಡು ವಾಕ್ಯ ಯಾವ ವೈದ್ಯರ ಚೀಟಿಯಲ್ಲೂ ಸಿಗುವುದಿಲ್ಲ. ಅವು ಅಮ್ಮನಿಗೋ ಅಜ್ಜಿಗೋ ಮಾತ್ರ ಗೊತ್ತಿರುವ ಸಂಗತಿ. ಹಾಳೆಗೆ ಬೆಲೆ ಬರುವುದೇ ಇಂಥವುಗಳಿಂದ.

ಮಗುವಿನ ತೂಕ, ರಕ್ತದ ಗುಂಪು, ಒಗ್ಗದ ಔಷಧಿ, ಒಗ್ಗದ ಆಹಾರ, ವೈದ್ಯರ ಫೋನು, ಮನೆಯ ಎರಡು ಫೋನು ನಂಬರುಗಳೂ ಇರಲಿ. ಆಯುರ್ವೇದ, ಹೋಮಿಯೋಪತಿ ಔಷಧಿಗಳಿದ್ದರೆ ಅವನ್ನೂ ಬರೆಯಿರಿ. ‘ಅದೇನೂ ಔಷಧಿಯಲ್ಲ ಬಿಡಿ’ ಎಂದು ಬಿಡುವುದು ಸರಿಯಲ್ಲ.

4. ಸ್ಟ್ರಿಪ್ ಕತ್ತರಿಸಿ ಕಳಿಸಬೇಡಿ

ನಮ್ಮ ಮೆಡಿಕಲ್ ಶಾಪುಗಳಲ್ಲಿ ಬೇಕಾದಷ್ಟೇ ಮಾತ್ರೆ ಕತ್ತರಿಸಿ ಕೊಡುವ ರೂಢಿಯಿದೆ. ಖರ್ಚಿನ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಎಷ್ಟೋ ಸ್ಟ್ರಿಪ್‌ಗಳಲ್ಲಿ ಎಕ್ಸ್‌ಪೈರಿ ತಾರೀಖು, ಬ್ಯಾಚ್ ನಂಬರು ಒಂದು ತುದಿಯಲ್ಲಿ ಮಾತ್ರ ಇರುತ್ತವೆ. ಕತ್ತರಿಸಿದ ನಾಲ್ಕು ಮಾತ್ರೆಯ ತುಂಡು ಕೈಗೆ ಬಂದಾಗ ಅದರ ಅವಧಿ ಮುಗಿದಿದೆಯೇ, ಕೆಲವೊಮ್ಮೆ ಅದು ಯಾವುದು, ಎಷ್ಟು ಮಿಲಿಗ್ರಾಂ ಎಂದು ಕೂಡ ಹೇಳಲು ಆಗುವುದಿಲ್ಲ. ಪೇಪರ್ ಪೊಟ್ಟಣದಲ್ಲಿ ಬಿಡಿ ಮಾತ್ರೆ ಸುತ್ತಿ, ಮೇಲೆ ‘ರಾತ್ರಿ’ ಎಂದಷ್ಟೇ ಬರೆದು ಕಳಿಸಿದ್ದನ್ನು ನೋಡಿದ್ದೇನೆ. ಅಂಥದ್ದನ್ನು ಮಗುವಿಗೆ ಕೊಡಲು ಧೈರ್ಯ ಬರುವುದಿಲ್ಲ, ಕೊಡದಿರಲೂ ಧೈರ್ಯ ಬರುವುದಿಲ್ಲ.

ಇಡೀ ಸ್ಟ್ರಿಪ್, ಅದರ ಬಿಲ್ಲು, ಸಾಧ್ಯವಾದರೆ ಪೆಟ್ಟಿಗೆಯೂ ಇರಲಿ. ಒಂದೊಂದು ಔಷಧಿಗೆ ಒಂದೊಂದು ಜಿಪ್ ಕವರ್, ಅದರ ಮೇಲೆ ಅಳಿಸದ ಮಾರ್ಕರ್‌ನಲ್ಲಿ ಮಗುವಿನ ಪೂರ್ತಿ ಹೆಸರು. ಅದ್ವಿಕ್ ಎಂಬ ಹೆಸರಿನ ಮೂವರು ಒಂದೇ ಶಿಬಿರದಲ್ಲಿರುವ ಕಾಲ ಇದು.

ವಾರದ ದಿನಗಳ ಹೆಸರಿರುವ ಪ್ಲಾಸ್ಟಿಕ್ ಡಬ್ಬಿ ಬೇಕೆಂದರೆ ಸ್ಟ್ರಿಪ್‌ನ ಜೊತೆಗಿರಲಿ, ಅದರ ಬದಲಿಗೆ ಬೇಡ. ಕೆಲವು ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಇಡಲೇಬಾರದು. ಫಿಟ್ಸ್‌ಗೆ ಕೊಡುವ ಸೋಡಿಯಂ ವಾಲ್ಪ್ರೊಯೇಟ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಕರಾವಳಿಯ ಮೇ ತಿಂಗಳಲ್ಲಿ ಅದು ಎಷ್ಟು ಬೇಗ ಕೆಡುತ್ತದೆಂದು ಹೇಳಬೇಕಿಲ್ಲ.

5. ಲೆಕ್ಕಕ್ಕಿಂತ ಮೂರು ದಿನದ್ದು ಹೆಚ್ಚು

ಕೆಳಗೆ ಬೀಳುತ್ತದೆ, ಒದ್ದೆಯಾಗುತ್ತದೆ, ಹಿಂತಿರುಗುವ ಬಸ್ಸು ಕೆಡುತ್ತದೆ. ಪೇಟೆಯಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ ಔಷಧಿ ತಾಲ್ಲೂಕು ಕೇಂದ್ರದಲ್ಲಿ ಸಿಗದಿರಬಹುದು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ಅದಕ್ಕೆ ಚೀಟಿ ಎರಡು ಪ್ರತಿಯಲ್ಲಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಮುಗಿದುಹೋಯಿತೆಂದು ಶಿಬಿರದವರು ಓಡಿಹೋಗಿ ತರುವ ವಸ್ತು ಅದಲ್ಲ. ಅದನ್ನು ಬೀಗವಿರುವ ಪೆಟ್ಟಿಗೆಯಲ್ಲಿಡಲು ಶಿಬಿರದವರಿಗೆ ಹೇಳಿ.

ರಜೆ ತಾನೇ, ಓದು ಬರಹ ಇಲ್ಲವಲ್ಲ ಎಂದು ಎಡಿಎಚ್‌ಡಿ ಮಾತ್ರೆಗೆ ನೀವಾಗಿಯೇ ರಜೆ ಕೊಡಬೇಡಿ. ಹೊಸ ಜಾಗ, ಹೊಸ ಜನ, ಸಾಲಿನಲ್ಲಿ ನಿಲ್ಲಬೇಕು, ಹೇಳಿದ ಮಾತು ಕೇಳಬೇಕು. ಆ ಮಗುವಿಗೆ ಶಾಲೆಗಿಂತ ಶಿಬಿರವೇ ಕಷ್ಟವಾಗಬಹುದು. ನಿಲ್ಲಿಸುವುದಿದ್ದರೂ ವೈದ್ಯರು ಹೇಳಲಿ.

6. ಸಿರಪ್‌ಗೆ ಅಡುಗೆಮನೆ ಚಮಚ ಬೇಡ

ಒಂದು ಟೀ ಚಮಚ ಎಂದರೆ ಲೆಕ್ಕದಲ್ಲಿ 5 ಮಿ.ಲೀ. ಮನೆಯ ಚಮಚಗಳಿಗೆ ಆ ಲೆಕ್ಕ ಗೊತ್ತಿಲ್ಲ. ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳ ಇಲ್ಲವೇ ಸೂಜಿಯಿಲ್ಲದ ಸಿರಿಂಜ್ ಕೊಡಿ. ಕೊಡಬೇಕಾದ ಗೆರೆಗೆ ಬಣ್ಣದ ಟೇಪ್ ಸುತ್ತಿದರೆ ಇನ್ನೂ ಒಳ್ಳೆಯದು.

ಜ್ವರಕ್ಕೆಂದು ಎಲ್ಲರೂ ಇಡುವ ಪ್ಯಾರಾಸಿಟಮಾಲ್‌ನಲ್ಲೇ ಗೊಂದಲ ಹೆಚ್ಚು. 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ ಇದೆ, 250 ಇರುವುದೂ ಇದೆ. ‘ಐದು ಎಂಎಲ್ ಕೊಡಿ’ ಎಂದು ಫೋನಿನಲ್ಲಿ ಹೇಳಿದರೆ ಬಾಟಲಿ ಯಾವುದೆಂಬುದರ ಮೇಲೆ ಔಷಧಿ ಎರಡು ಪಟ್ಟಾಗುತ್ತದೆ. ಹಾಳೆಯಲ್ಲಿ ಮಿಲಿಗ್ರಾಂ, ಮಿ.ಲೀ. ಎರಡನ್ನೂ ಬರೆಯಿರಿ. ಎಷ್ಟು ಗಂಟೆ ಬಿಟ್ಟು ಮತ್ತೆ ಕೊಡಬಹುದು, ದಿನಕ್ಕೆ ಹೆಚ್ಚೆಂದರೆ ಎಷ್ಟು ಸಲ ಎಂಬುದೂ ಇರಲಿ.

7. ಬಿಸಿಲಿನ ಲೆಕ್ಕ ಹಾಕಿ

ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸಾಮಾನ್ಯ ಮಾತ್ರೆಗಳ ಮೇಲೂ 25 ಅಥವಾ 30 ಡಿಗ್ರಿಯೊಳಗೆ ಇಡಿ ಎಂದು ಬರೆದಿರುತ್ತದೆ. ತಗಡಿನ ಚಾವಣಿಯ ಕೋಣೆ, ಕಿಟಕಿಯ ಕಟ್ಟೆ, ನಿಲ್ಲಿಸಿದ ವ್ಯಾನಿನ ಡ್ಯಾಶ್‌ಬೋರ್ಡ್ ಯಾವುದೂ ಔಷಧಿ ಇಡುವ ಜಾಗವಲ್ಲ.

ಇನ್ಸುಲಿನ್ ವಿಷಯದಲ್ಲಿ ಇನ್ನಷ್ಟು ಎಚ್ಚರ. ತೆರೆಯದ ಬಾಟಲಿ, ಪೆನ್ ಕಾರ್ಟ್ರಿಜ್‌ಗಳು 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಕೆಯಲ್ಲಿರುವುದನ್ನು ಹೊರಗಿಡಬಹುದು, ಸಾಮಾನ್ಯವಾಗಿ ನಾಲ್ಕು ವಾರದವರೆಗೆ, ತಂಪಿರುವ ಜಾಗದಲ್ಲಿ. ಫ್ರಿಜ್ ಇದೆ ಎಂದು ಶಿಬಿರದವರು ಹೇಳಿದರೆ ಅಷ್ಟಕ್ಕೇ ಒಪ್ಪಬೇಡಿ. ಅದು ಅಡುಗೆಮನೆಯಲ್ಲಿದೆಯೇ, ಕರೆಂಟು ಎಷ್ಟು ಹೊತ್ತು ಹೋಗುತ್ತದೆ ಎಂದು ವಿಚಾರಿಸಿ. ಐಸ್ ಡಬ್ಬಿಗೆ ತಾಗಿ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಕೆಲಸಕ್ಕೆ ಬಾರದು, ಎಸೆಯಬೇಕು. ಫ್ರಿಜ್ಜೇ ಇಲ್ಲದ ಕಡೆ ಮಣ್ಣಿನ ಮಡಕೆ ಕೈಹಿಡಿಯುತ್ತದೆ. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು, ನಡುವೆ ಮರಳು ತುಂಬಿ ಒದ್ದೆ ಮಾಡಿ, ನೆರಳಿನಲ್ಲಿ ಗಾಳಿಯಾಡುವಂತೆ ಇಡುವುದು. ಇನ್ಸುಲಿನ್ ಒದ್ದೆಯಾಗದಂತೆ ಡಬ್ಬಿಯಲ್ಲಿ ಹಾಕಿ ಒಳಗಿನ ಮಡಕೆಯಲ್ಲಿಡಬೇಕು. ಗಾಳಿ ಒಣಗಿರುವ ಬಯಲುಸೀಮೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಸೆಖೆ, ತೇವ ಎರಡೂ ಇರುವ ಕರಾವಳಿಯಲ್ಲಿ ಅಷ್ಟು ತಂಪಾಗುವುದಿಲ್ಲ.

ಮಧುಮೇಹದ ಮಗುವಿಗೆ ಶಿಬಿರದಲ್ಲಿ ಸಕ್ಕರೆ ಏರುವುದಕ್ಕಿಂತ ದಿಢೀರ್ ಇಳಿಯುವುದೇ ಹೆಚ್ಚಿನ ಭಯ. ಹಗಲೆಲ್ಲ ಆಡಿದ ದಿನ ರಾತ್ರಿ ನಿದ್ದೆಯಲ್ಲಿ ಇಳಿಯಬಹುದು. ನಡುಕ, ಬೆವರು, ವಿನಾಕಾರಣ ಸಿಟ್ಟು, ಮಂಕು ಕಂಡರೆ ಕೂಡಲೇ ಗ್ಲುಕೋಮೀಟರ್. 70ಕ್ಕಿಂತ ಕೆಳಗಿದ್ದರೆ ದೊಡ್ಡ ಮಕ್ಕಳಿಗೆ ಸುಮಾರು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, ಎಂದರೆ ಮೂರು ಟೀ ಚಮಚ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಸಣ್ಣವರಿಗೆ ಎಷ್ಟೆಂದು ವೈದ್ಯರೇ ಬರೆದುಕೊಡಲಿ. ಚಾಕೊಲೇಟಿನಲ್ಲಿ ಕೊಬ್ಬಿರುವುದರಿಂದ ಸಕ್ಕರೆ ಏರುವುದು ನಿಧಾನ, ಆ ಹೊತ್ತಿಗೆ ಅದು ಬೇಡ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಕೂಡದು, ನೇರ ಆಸ್ಪತ್ರೆಗೆ. ಗ್ಲೂಕೋಸ್ ಪುಡಿಯ ಪೊಟ್ಟಣ ಮಗುವಿನ ಜೇಬಿನಲ್ಲೂ ಇರಲಿ, ಜೊತೆಗಿರುವ ಸ್ವಯಂಸೇವಕ ಅಣ್ಣ ಅಕ್ಕಂದಿರ ಜೇಬಿನಲ್ಲೂ ಇರಲಿ.

8. ಇನ್ಹೇಲರ್ ಬೀಗದೊಳಗೆ ಬೇಡ

ಬೇರೆಲ್ಲ ಔಷಧಿ ದೊಡ್ಡವರ ಬಳಿ ಇರಬೇಕು, ಸರಿ. ಉಸಿರು ಕಟ್ಟಿದಾಗ ಬಳಸುವ ಇನ್ಹೇಲರ್ ಮಾತ್ರ ಮಗುವಿನ ಸೊಂಟದ ಚೀಲದಲ್ಲಿರಬೇಕು. ಬೆಟ್ಟದ ಅರ್ಧ ದಾರಿಯಲ್ಲಿ ಉಬ್ಬಸ ಬಂದರೆ ಕಚೇರಿ ಕಪಾಟಿನಲ್ಲಿರುವ ಸಾಲ್ಬುಟಮಾಲ್‌ನಿಂದ ಏನು ಪ್ರಯೋಜನ? ಮತ್ತೊಂದು ಇನ್ಹೇಲರ್ ಶಿಬಿರದವರ ಬಳಿ ಇರಲಿ.

ಹೆಚ್ಚಿನ ಮಕ್ಕಳಿಗೆ ಎರಡು ಬಗೆಯ ಇನ್ಹೇಲರ್ ಇರುತ್ತವೆ. ಬುಡೆಸೊನೈಡ್‌ನಂಥದ್ದು ದಿನಾ ತೆಗೆದುಕೊಳ್ಳುವುದು, ಅದು ಉಬ್ಬಸ ಬರದಂತೆ ತಡೆಯುತ್ತದೆ. ಸಾಲ್ಬುಟಮಾಲ್ ಉಬ್ಬಸ ಬಂದಾಗ ಬಿಡಿಸುವುದು. ಬಣ್ಣ ನೋಡಿ ಗುರುತಿಸಿಯಾರು ಎಂದು ನಂಬಬೇಡಿ. ಒಂದರ ಮೇಲೆ ‘ದಿನಾ’, ಇನ್ನೊಂದರ ಮೇಲೆ ‘ಉಸಿರು ಕಟ್ಟಿದಾಗ’ ಎಂದು ಚೀಟಿ ಅಂಟಿಸಿ. ದಿನದ್ದನ್ನು ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ ಏಳಬಹುದು. ಇನ್ಹೇಲರ್‌ಗೆ ಜೋಡಿಸುವ ಸ್ಪೇಸರ್ ಕಳಿಸಲು ಮರೆಯಬೇಡಿ. ತೊಳೆದ ಮೇಲೆ ಅದನ್ನು ಬಟ್ಟೆಯಿಂದ ಒರೆಸದೆ ಹಾಗೇ ಒಣಗಲು ಬಿಡಬೇಕು. ಒರೆಸಿದರೆ ಒಳಗೆ ಸ್ಥಾಯೀ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟಿಕೊಳ್ಳುತ್ತದೆ.

ಡಬ್ಬಿಯಲ್ಲಿ ಇನ್ನೆಷ್ಟಿದೆ ಎಂದು ತಿಳಿಯಲು ನೀರಿನಲ್ಲಿ ತೇಲಿಸಿ ನೋಡುವುದನ್ನು ಬಿಟ್ಟುಬಿಡಿ. ಎಣಿಕೆ ತೋರಿಸುವ ಇನ್ಹೇಲರ್ ಕೊಳ್ಳಿ, ಇಲ್ಲವೇ ಹೊಸದನ್ನೇ ಕಳಿಸಿ.

9. ಫಿಟ್ಸ್ ಇರುವ ಮಗುವಿಗೆ ನಿದ್ದೆಯೂ ಔಷಧಿಯೇ

ಮಾತ್ರೆ ತಪ್ಪುವುದು, ನಿದ್ದೆ ಕೆಡುವುದು ಈ ಎರಡೇ ಸಾಕು ಫಿಟ್ಸ್ ಬರಲು. ಹೊತ್ತಿಗೆ ಸರಿಯಾಗಿ ಮಲಗಿಸಿ ಎಂದು ಹಾಳೆಯಲ್ಲಿ ಬರೆಯಿರಿ. ಈಜು, ಮರ ಹತ್ತುವುದು ಇದ್ದರೆ ಮಗುವಿನ ಮೇಲೆ ಕಣ್ಣಿಡಲೆಂದೇ ಒಬ್ಬರು ದೊಡ್ಡವರು ಪಕ್ಕದಲ್ಲಿರಬೇಕು.

ಫಿಟ್ಸ್ ಬಂದೇಬಿಟ್ಟರೆ ಏನು ಮಾಡಬೇಕೆಂದು ಶಿಬಿರದವರಿಗೆ ಬಾಯಿಬಿಟ್ಟು ಹೇಳಿ. ಮಗ್ಗುಲಿಗೆ ಹೊರಳಿಸಿ ಮಲಗಿಸುವುದು, ಬಟ್ಟೆ ಸಡಿಲಿಸುವುದು, ಗಡಿಯಾರ ನೋಡುವುದು. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದರಿಂದ ಏನೂ ಆಗದು. ಹಲ್ಲಿನ ನಡುವೆ ಚಮಚ ತುರುಕುವುದು ಅಪಾಯ. ಐದು ನಿಮಿಷವಾದರೂ ನಿಲ್ಲದಿದ್ದರೆ ವೈದ್ಯರು ಬರೆದುಕೊಟ್ಟ ಮಿಡಾಝೊಲಾಮ್ ಸ್ಪ್ರೇ ಮೂಗಿಗೆ ಹೊಡೆದು 108ಕ್ಕೆ ಕರೆ ಮಾಡಬೇಕು. ಸ್ಪ್ರೇ ಹೇಗೆ ಹೊಡೆಯುವುದೆಂದು ಮಗುವನ್ನು ಬಿಡುವ ದಿನವೇ ತೋರಿಸಿಕೊಡಿ.

10. ಕೈಯಿಂದ ಕೈಗೆ ಕೊಡಿ

ಔಷಧಿ ಬ್ಯಾಗಿನ ತಳದಲ್ಲಿ, ಬಟ್ಟೆಯ ಮಡಿಕೆಯಲ್ಲಿ ಹೋಗಬಾರದು. ಗೇಟಿನ ಬಳಿ ಬಸ್ಸು ಹಾರನ್ ಹೊಡೆಯುತ್ತಿರುವಾಗ ‘ಮೇಡಂ, ಇವಳಿಗೆ ರಾತ್ರಿ ಒಂದು ಮಾತ್ರೆ ಅಷ್ಟೇ, ಅವಳೇ ತಗೋತಾಳೆ ಬಿಡಿ’ ಎಂದು ಕೈಬೀಸಿ ಹೋಗುವವರಿದ್ದಾರೆ. ಹತ್ತು ವರ್ಷದ ಮಗು ಮನೆಯಲ್ಲಿ ‘ತಾನೇ’ ತೆಗೆದುಕೊಳ್ಳುವುದು ಅಮ್ಮ ಅಡುಗೆಮನೆಯಿಂದ ಕೂಗಿದ ಮೇಲೆ. ಶಿಬಿರದಲ್ಲಿ ಆ ಕೂಗು ಇರುವುದಿಲ್ಲ.

ಹತ್ತು ನಿಮಿಷ ಮೊದಲು ಹೋಗಿ. ‘ಔಷಧಿ ಯಾರು ಕೊಡ್ತೀರಿ ಸರ್?’ ಎಂದು ಕೇಳಿ, ಅವರ ಎದುರೇ ಮಾತ್ರೆ ಎಣಿಸಿ, ಎಷ್ಟಿದೆ ಎಂದು ಬರೆದು ಇಬ್ಬರೂ ಸಹಿ ಮಾಡಿ. ಕೊಟ್ಟ ಹೊತ್ತಿಗೆ ಗುರುತು ಹಾಕಲು ದಿನಗಳ ಚೌಕ ಎಳೆದ ಒಂದು ಹಾಳೆ ನೀವೇ ಮಾಡಿಕೊಟ್ಟರೆ ಶಿಬಿರದವರಿಗೂ ಅನುಕೂಲ. ಹತ್ತಿರದ ಆಸ್ಪತ್ರೆ ಯಾವುದು, ಎಷ್ಟು ದೂರ, ರಾತ್ರಿ ವಾಹನ ಇರುತ್ತದೆಯೇ ಎಂದು ಕೇಳಲು ಸಂಕೋಚ ಬೇಡ. ಮಲೆನಾಡಿನ ಎಷ್ಟೋ ಕಡೆ ಮೊಬೈಲ್ ನೆಟ್‌ವರ್ಕ್ ಸಿಗುವುದಿಲ್ಲ, ಲ್ಯಾಂಡ್‌ಲೈನ್ ನಂಬರ್ ಇದ್ದರೆ ಬರೆದುಕೊಳ್ಳಿ.

ಶೇಂಗಾ ಒಗ್ಗದ ಮಗುವಾದರೆ ಅಡುಗೆಯವರನ್ನೂ ಕಂಡು ಮಾತಾಡಿ. ಚಟ್ನಿಪುಡಿ, ಚಿಕ್ಕಿ, ಚಿತ್ರಾನ್ನ, ಒಗ್ಗರಣೆ ಅವಲಕ್ಕಿ ಎಲ್ಲದರಲ್ಲೂ ಅದು ನುಸುಳುತ್ತದೆ. ತೀವ್ರ ಅಲರ್ಜಿಗೆ ಬಳಸುವ ಅಡ್ರಿನಲಿನ್ ಪೆನ್ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ಹತ್ತಿರದ ಆಸ್ಪತ್ರೆಯ ದಾರಿ ಇಲ್ಲಿ ಎರಡು ಪಟ್ಟು ಮುಖ್ಯ.

11. ಘಾಟಿಯ ಬಸ್ಸು

ಔಷಧಿಯ ಚೀಲ ಡಿಕ್ಕಿಗೆ ಬೇಡ, ಅಲ್ಲಿ ಕಾವು ಹೆಚ್ಚು. ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಿ ವಾಂತಿಯಾಗುವ ಮಗುವಿದ್ದರೆ ಬೆಳಗಿನ ಮಾತ್ರೆಯನ್ನು ಘಾಟಿಗೆ ಎಷ್ಟು ಮೊದಲು ಕೊಡಬೇಕೆಂದು ವೈದ್ಯರನ್ನು ಕೇಳಿ. ವಾಂತಿ ತಡೆಯುವ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ. ದಿನದ ಔಷಧಿಗೂ ಅದಕ್ಕೂ ಹೊಂದುತ್ತದೆಯೇ ಎಂದೂ ವಿಚಾರಿಸಿ.

12. ಓಆರ್‌ಎಸ್ ಎಂದರೆ ಓಆರ್‌ಎಸ್ಸೇ

ಬಿಸಿಲಿಗೆ, ಭೇದಿಗೆ ಎರಡು ಪೊಟ್ಟಣ ಇಡಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು, ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸುವುದಲ್ಲ. ಹಣ್ಣಿನ ರುಚಿಯ, ಸಕ್ಕರೆ ತುಂಬಿದ ಪೇಯಗಳು ಓಆರ್‌ಎಸ್ ಹೆಸರು ಹೊತ್ತು ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸದಂತೆ ತಡೆದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಬರೆದಿರುವುದನ್ನೇ ಕೊಳ್ಳಿ.

13. ಮಗುವಿನ ಜೊತೆ ಮಾತಾಡಿ

ಮಾತ್ರೆ ಬಚ್ಚಿಟ್ಟು ಎಸೆಯುವ ಮಕ್ಕಳಲ್ಲಿ ಬಹಳಷ್ಟು ಮಂದಿ ನಾಚಿಕೆಯಿಂದ ಹಾಗೆ ಮಾಡುತ್ತಾರೆ. ಎಲ್ಲರೆದುರು ಮೈಕಿನಲ್ಲಿ ಹೆಸರು ಕೂಗಿ ಮಾತ್ರೆಗೆ ಕರೆದರೆ ಹನ್ನೆರಡರ ಹುಡುಗಿಗೆ ಹೇಗಾಗಬೇಡ? ಕರೆಯದಂತೆ ಶಿಬಿರದವರಿಗೆ ಮೊದಲೇ ಹೇಳಿ. ಊಟದ ತಟ್ಟೆ ತೊಳೆದು ಬರುವಾಗ ಅಕ್ಕನ ಕೋಣೆಗೆ ಹೋಗಿ ಬರುವುದು, ಹೀಗೊಂದು ಸದ್ದಿಲ್ಲದ ಏರ್ಪಾಟು ಮಾಡಿಕೊಳ್ಳಬಹುದು.

ಗೆಳೆಯರು ಕೇಳಿದರೆ ಏನು ಹೇಳುತ್ತೀಯ ಎಂದು ಮನೆಯಲ್ಲೇ ಆಡಿಸಿ ನೋಡಿ. ‘ನಂಗೆ ಉಬ್ಬಸ ಇದೆ, ಇದು ಎಳ್ಕೊಂಡ್ರೆ ಸರಿಹೋಗುತ್ತೆ’ ಎಂದು ಸರಾಗವಾಗಿ ಹೇಳಬಲ್ಲ ಮಗುವನ್ನು ಯಾರೂ ಹೆಚ್ಚು ಹೊತ್ತು ಕೆಣಕುವುದಿಲ್ಲ. ತನ್ನ ಮಾತ್ರೆಯ ಹೆಸರು, ಬಣ್ಣ, ಸಮಯ ಮಗುವಿಗೂ ಗೊತ್ತಿರಲಿ. ಬೇರೆಯವರದ್ದು ತಪ್ಪಿ ಕೈಗೆ ಬಂದರೆ ‘ಇದು ನನ್ನದಲ್ಲ ಅಕ್ಕಾ’ ಎನ್ನುವ ಧೈರ್ಯವನ್ನೂ ಹೇಳಿಕೊಡಿ. ತನ್ನದನ್ನು ಗೆಳೆಯರಿಗೆ ಹಂಚಬಾರದೆಂಬುದನ್ನೂ.

14. ಬಂದ ದಿನವೇ ಎಣಿಸಿ

ಉಳಿದ ಮಾತ್ರೆ ಎಣಿಸಿ, ಗುರುತಿನ ಹಾಳೆಯ ಜೊತೆ ತಾಳೆ ನೋಡಿ. ಹೆಚ್ಚು ಉಳಿದಿದ್ದರೆ ಯಾವ ಹೊತ್ತು ತಪ್ಪಿತೆಂದು ಶಿಬಿರದವರನ್ನು ಕೇಳಿ, ವೈದ್ಯರಿಗೆ ತಿಳಿಸಿ. ಮಗುವನ್ನು ಗದರಬೇಡಿ, ಗದರಿದರೆ ಮುಂದಿನ ಸಲ ನಿಜ ಹೊರಬರುವುದಿಲ್ಲ. ಬಿಸಿಲಿಗೆ ಸಿಕ್ಕ ಇನ್ಸುಲಿನ್, ನೀರು ಬೆರೆಸಿ ವಾರ ಕಳೆದ ಆಂಟಿಬಯೋಟಿಕ್ ಸಿರಪ್ ಮತ್ತೆ ಮನೆಯ ಫ್ರಿಜ್ ಸೇರಬಾರದು. ಬಳಸಿದ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದು, ಆಸ್ಪತ್ರೆಗೋ ಕ್ಲಿನಿಕ್‌ಗೋ ಹೋದಾಗ ಅಲ್ಲಿ ಕೊಡಿ. ಔಷಧಿಯ ವಿವರ ಬರೆದ ಆ ಒಂದು ಹಾಳೆಯನ್ನು ಮಾತ್ರ ಎತ್ತಿಡಿ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಕ್ಲಾಸ್ ಟೀಚರ್‌ಗೂ ಅದು ಬೇಕಾಗುತ್ತದೆ.